ಅಪ್ಪನ ಕ್ಲಾಸಿಗೊಂದು ಹಡಗು

ಇವತ್ತು ರಾಜಕೀಯ ಇಲ್ಲ. ಯಾರು ಯಾರಿಗೆ ಏನಂದರು, ಯಾರು ದೆಹಲಿಗೆ ಹೋದರು, ಅದೆಲ್ಲ ಒಂಬತ್ತು ಗಂಟೆಗೆ ಇದ್ದೇ ಇದೆ. ಇವತ್ತು ನಮ್ಮಪ್ಪನ ಕ್ಲಾಸಿನ ವಿಷಯ ಹೇಳ್ತೀನಿ. ನಿಮ್ಮ ಮನೆಯಲ್ಲೂ ಅರವತ್ತು ದಾಟಿದವರಿದ್ದರೆ, ಅವರ ಕೈಯಲ್ಲೊಂದು ಮೊಬೈಲ್ ಇದ್ದರೆ, ಆ ಮೊಬೈಲ್‌ನಲ್ಲಿ ಹಳೇ ಸ್ನೇಹಿತರ ವಾಟ್ಸಾಪ್ ಗ್ರೂಪ್ ಇದ್ದರೆ, ದಯವಿಟ್ಟು ಅವರನ್ನೂ ಟಿವಿ ಮುಂದೆ ಕೂರಿಸಿಕೊಳ್ಳಿ.

ನನ್ನೂರು ಹುಕ್ಕೇರಿ. ಬೆಳಗಾವಿ ಜಿಲ್ಲೆ. ಬೆಂಗಳೂರಿನವರಿಗೆ ಹೇಳುವಾಗ ಗೋಕಾಕ ಫಾಲ್ಸ್ ಹತ್ತಿರ, ಹಿಡಕಲ್ ಡ್ಯಾಮ್ ಹತ್ತಿರ ಅಂತ ಹೇಳಿ ಗುರುತು ಹಿಡಿಸಬೇಕು. ನಮ್ಮಪ್ಪ ಅಲ್ಲೇ ಹೈಸ್ಕೂಲು ಓದಿದ್ದು. ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದದ್ದು 1974ರ ಮಾರ್ಚ್‌ನಲ್ಲಿ. ಅಪ್ಪ ಒಂದು ಮಾತು ಯಾವಾಗಲೂ ಹೇಳ್ತಾರೆ: "ನಾವು ಸಾಲಿ ಒಳಗ ಹೋಗೂಮುಂದ ಮೈಸೂರು ರಾಜ್ಯ ಇತ್ತು, ಹೊರಗ ಬರೂಮುಂದ ಕರ್ನಾಟಕ ಆಗಿತ್ತು." ನಿಜ. 1973ರ ನವೆಂಬರ್ 1ಕ್ಕೆ ಹೆಸರು ಬದಲಾಯಿತು, ಅದಾದ ಐದನೇ ತಿಂಗಳಿಗೆ ಇವರ ಪರೀಕ್ಷೆ. ಅದಕ್ಕೂ ಹಿಂದಿನ ವರ್ಷ, 1972ರಲ್ಲಿ, ಆ ಭಾಗದಲ್ಲೆಲ್ಲ ಭಾರೀ ಬರ. ಹಿಡಕಲ್ ಡ್ಯಾಮ್ ಇನ್ನೂ ಕಟ್ಟುತ್ತಿದ್ದರು. ಮುಗಿದದ್ದು 1977ಕ್ಕೆ. ಈ ಹುಡುಗರನ್ನು ಮಾಸ್ತರು ಕರೆದುಕೊಂಡು ಹೋಗಿ ತೋರಿಸಿದ ಏಕೈಕ ಪ್ರವಾಸ ಅಂದ್ರೆ ಆ ಅರೆಬರೆ ಡ್ಯಾಮು. ಅಷ್ಟೇ.

2024ಕ್ಕೆ ಐವತ್ತು ವರ್ಷ ತುಂಬಿತು. ನಮ್ಮ ಕಡೆ ಮೇ ತಿಂಗಳಲ್ಲಿ ಯಾವ ಊರಿಗೆ ಹೋದರೂ ಬಸ್ ಸ್ಟ್ಯಾಂಡ್ ಎದುರು ಒಂದು ಬ್ಯಾನರ್ ಕಾಣುತ್ತೆ: 'ಗುರುವಂದನಾ ಹಾಗೂ ಸ್ನೇಹ ಸಮ್ಮೇಳನ'. ಇಂಥ ವರ್ಷದ ಬ್ಯಾಚಿನವರು ತಮಗೆ ಕಲಿಸಿದ ಗುರುಗಳಿಗೆ ಶಾಲು ಹೊದಿಸೋದು, ಪೇಟಾ ಸುತ್ತೋದು, ಹೋಳಿಗೆ ಊಟ, ಗ್ರೂಪ್ ಫೋಟೋ. ಒಳ್ಳೆ ಪದ್ಧತಿ. ಅಪ್ಪನ ಬ್ಯಾಚಿನವರೂ ಮಾಡಿದರು. ಬದುಕಿದ್ದ ಇಬ್ಬರು ಗುರುಗಳು ಬಂದರು, ತೊಂಬತ್ತರ ಆಸುಪಾಸಿನವರು. ಶಾಲು ಹೊದಿಸಿದ ಶಿಷ್ಯರೂ ಅರವತ್ತೇಳು, ಅರವತ್ತೆಂಟರವರು. ದೂರದಿಂದ ನೋಡಿದರೆ ಗುರು ಯಾರು, ಶಿಷ್ಯ ಯಾರು ಗೊತ್ತಾಗ್ತಿರಲಿಲ್ಲ!

ಅವತ್ತು ಊಟ ಆದ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೂತಾಗ ಎದ್ದದ್ದು ಹಡಗಿನ ಮಾತು. ಎತ್ತಿದವರು ಮಾಸ್ತರ ಕಾಕಾ. ಅಪ್ಪನ ಖಾಸಾ ದೋಸ್ತ. ಮೂವತ್ತು ವರ್ಷ ಭೂಗೋಳ ಕಲಿಸಿದವರು. ಬೋರ್ಡಿನ ಮೇಲೆ ಅರಬ್ಬಿ ಸಮುದ್ರವನ್ನು ನೀಲಿ ಸೀಮೆಸುಣ್ಣದಲ್ಲಿ ಎಷ್ಟು ಸಲ ಬಿಡಿಸಿದ್ದಾರೋ ಲೆಕ್ಕ ಇಲ್ಲ, ಆದರೆ ಒಂದು ದಿನ ಹಡಗು ಹತ್ತಿದವರಲ್ಲ. "ಶಾಲು ಹೊಚ್ಚಿ ಊಟ ಮಾಡಿ ಮನಿಗಿ ಹೋಗೂದ ಎಲ್ಲಾರೂ ಮಾಡತಾರ. ನಾವು ಒಮ್ಮೆ ಆಗಬೋಟ ಹತ್ತೂಣು" ಅಂದರಂತೆ.

ಆಗಬೋಟು! ಈ ಶಬ್ದ ಕೇಳಿ ಎಷ್ಟು ವರ್ಷ ಆಯಿತು ನೋಡಿ. ಹೊಗೆ ಉಗುಳುವ ಹಡಗಿಗೆ ನಮ್ಮ ಹಿರಿಯರು ಇಟ್ಟ ಹೆಸರು. ನಮ್ಮದು ಸಮುದ್ರ ಇಲ್ಲದ ಜಿಲ್ಲೆ, ಒಪ್ಪುತ್ತೇನೆ. ಆದರೆ ಬ್ರಿಟಿಷರ ಕಾಲದಲ್ಲಿ ಬೆಳಗಾವಿ ಕ್ಯಾಂಪಿಗೆ ಸಾಮಾನು ಬರ್ತಾ ಇದ್ದದ್ದು ವೆಂಗುರ್ಲಾ ಬಂದರಿನಿಂದ, ಅಂಬೋಲಿ ಘಾಟು ಹತ್ತಿ. ಮುಂಬೈಯಿಂದ ಹೊರಟ ಕೊಂಕಣದ ಆಗಬೋಟು ರತ್ನಾಗಿರಿ, ಮಾಲವಣ, ವೆಂಗುರ್ಲಾ, ಪಣಜಿ, ಕಾರವಾರ ಅಂತ ಬಂದರು ಬಂದರು ಮುಟ್ಟುತ್ತಾ ಬರುತ್ತಿತ್ತು. ನಮ್ಮ ಮುತ್ತಜ್ಜಂದಿರಿಗೆ ಹಡಗು ಅಂದ್ರೆ ವಿಹಾರ ಅಲ್ಲ, ಎಸ್‌ಟಿ ಬಸ್ಸಿದ್ದ ಹಾಗೆ.

ಮಾರನೇ ದಿನವೇ ವಾಟ್ಸಾಪ್ ಗ್ರೂಪಿನಲ್ಲಿ ಪುಣೆಯಲ್ಲಿರುವ ಒಬ್ಬ ಕಾಕಾನ ಮಗ ಬಣ್ಣದ ಪೋಸ್ಟರ್ ಹಾಕಿದ. ಮುಂಬೈ, ಗೋವಾ, ಮುಂಬೈ. ಎರಡು ರಾತ್ರಿ. ಈಜುಕೊಳ, ನಾಟಕದ ಥಿಯೇಟರು, ಊಟದ ಹಾಲು. ಅವತ್ತು ಸಂಜೆ ಅಪ್ಪ ಫೋನ್ ಮಾಡಿದರು.

"ತಮ್ಮಾ, ನಾವು ಹಡಗಿನ್ಯಾಗ ಹೊಂಟೇವಿ. ಪ್ಲಾನ್ ಎಲ್ಲಾ ನಿನಗ ಬಿಟ್ಟೇವಿ. ನೀ ಎಂಜಿನಿಯರ್ ಅದಿಯಲ್ಲ."

ಮೆಕ್ಯಾನಿಕಲ್ ಓದಿ ಮೈಕು ಹಿಡಿದವನು ನಾನು. ಹಡಗಿಗೂ ನನಗೂ ಏನು ಸಂಬಂಧ? ಆದರೆ ಅಪ್ಪನ ಪ್ರಕಾರ ಎಂಜಿನಿಯರ್ ಅಂದ್ರೆ ಮಿಕ್ಸರ್ ರಿಪೇರಿಯಿಂದ ಹಿಡಿದು ಹಡಗು ಬುಕಿಂಗ್‌ವರೆಗೆ ಎಲ್ಲಾ ಬರಬೇಕು.

ಹಿಂದಿನಿಂದ ಅವ್ವನ ದನಿ: "ಅದ ಹಡಗಲ್ಲೇನ, ಶಾರುಖ್ ಖಾನನ ಮಗನ್ನ ಹಿಡದದ್ದು? ನೀನ ಟಿವ್ಯಾಗ ಒದರಾಕತ್ತಿದ್ದಿ!"

ನನಗೆ ನಗು ಬಂತು, ಆಮೇಲೆ ಸ್ವಲ್ಪ ನಾಚಿಕೆಯೂ ಆಯಿತು. ಹೌದು, ಅದೇ ಹಡಗು. 2021ರ ಅಕ್ಟೋಬರ್ 2ರ ರಾತ್ರಿ ಎನ್‌ಸಿಬಿ ದಾಳಿ. ನಾವೆಲ್ಲ ವಾಹಿನಿಯವರು ದಿನಗಟ್ಟಲೆ ಅದನ್ನೇ ತೋರಿಸಿದೆವು. 2022ರ ಮೇ ತಿಂಗಳಲ್ಲಿ ಆ ಹುಡುಗನ ಮೇಲೆ ಆರೋಪಪಟ್ಟಿಯೇ ಇಲ್ಲ ಅಂತ ಎನ್‌ಸಿಬಿ ಹೇಳಿತಲ್ಲ, ಅದನ್ನು ಎಷ್ಟು ನಿಮಿಷ ತೋರಿಸಿದೆವು? ನಮ್ಮವ್ವನಿಗೆ ಮೊದಲನೆಯದು ನೆನಪಿದೆ, ಎರಡನೆಯದು ಗೊತ್ತೇ ಇಲ್ಲ. ಅದು ಅವ್ವನ ತಪ್ಪಲ್ಲ.

ಇರಲಿ. ಕೂತು ಲೆಕ್ಕ ಹಾಕಿದೆ. ಎಂಪ್ರೆಸ್ ಅನ್ನೋ ಆ ಹಡಗು ಕಟ್ಟಿದ್ದು 1990ರಲ್ಲಿ. ಉದ್ದ 211 ಮೀಟರ್. ಅಂದ್ರೆ ರೈಲಿನ ಒಂಬತ್ತು ಬೋಗಿ ಸಾಲಾಗಿ ನಿಲ್ಲಿಸಿದಷ್ಟು. ಹನ್ನೊಂದು ಅಂತಸ್ತು. ಎರಡು ಸಾವಿರದ ಹತ್ತಿರ ಹತ್ತಿರ ಪ್ರಯಾಣಿಕರು. ದೇಶದೊಳಗಿನ ಪ್ರಯಾಣ ಆದ್ದರಿಂದ ಪಾಸ್‌ಪೋರ್ಟ್ ಬೇಡ, ಆಧಾರ್ ಸಾಕು. ಮಳೆಗಾಲದಲ್ಲಿ ಪಶ್ಚಿಮ ಕರಾವಳಿಯಲ್ಲಿ ಇಂಥ ಪ್ರಯಾಣ ಇರೋದಿಲ್ಲ. ವಯಸ್ಸಾದವರಿಗೆ ನವೆಂಬರ್‌ನಿಂದ ಫೆಬ್ರುವರಿ ಒಳ್ಳೆ ಕಾಲ. ಲಕ್ಷದ್ವೀಪದ ಆಸೆಯೂ ಒಬ್ಬರಿಗಿತ್ತು. ಅದನ್ನು ನಾನೇ ಕೈಬಿಡಿಸಿದೆ. ಅಲ್ಲಿ ದೊಡ್ಡ ಹಡಗು ದಡಕ್ಕೆ ಬರೋದಿಲ್ಲ, ದೂರದಲ್ಲೇ ನಿಂತು ಸಣ್ಣ ದೋಣಿಗೆ ಇಳಿಸುತ್ತಾರೆ. ಅಲೆಗೆ ಏಳುತ್ತಾ ಬೀಳುತ್ತಾ ಇರುವ ದೋಣಿಗೆ ಕಾಲಿಡೋದು ನನಗೇ ಕಷ್ಟ.

ಕೋಣೆ ಎಲ್ಲಿ ತಗೋಬೇಕು ಅನ್ನೋದೊಂದು ಪ್ರಶ್ನೆ. ಮೇಲಿನ ಅಂತಸ್ತು, ಮುಂದಿನ ತುದಿ, ಸಮುದ್ರ ಚೆನ್ನಾಗಿ ಕಾಣುತ್ತೆ ಅಂತ ಎಲ್ಲರಿಗೂ ಆಸೆ. ಬೇಡ. ನಮ್ಮ ಕೆಂಪು ಬಸ್ಸಿನಲ್ಲಿ ಕಡೇ ಸೀಟು ಹಿಡಿದು ಕೂತವರಿಗೆ ಕಾರಣ ಹೇಳಬೇಕಾಗಿಲ್ಲ. ಗುಂಡಿ ಬಿದ್ದಾಗ ನಡುವಿನ ಸೀಟಿನವನು ಅಲುಗಾಡ್ತಾನೆ, ಕಡೇ ಸೀಟಿನವನು ಹಾರಿ ಬೀಳ್ತಾನೆ. ಹಡಗೂ ಹಾಗೇ, ತೊಟ್ಟಿಲಿನ ಥರ ತೂಗುತ್ತೆ. ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ತೂಗಾಟ ಕಡಿಮೆ. ವಾಂತಿ ಆಗೋರು ಅಲ್ಲೇ ಕೋಣೆ ತಗೋಬೇಕು, ಲಿಫ್ಟ್ ಹತ್ತಿರ ಸಿಕ್ಕರೆ ಇನ್ನೂ ಒಳ್ಳೇದು. ಹಡಗು ಹೊರಡುವ ಮೊದಲು ಅಪಾಯ ಬಂದರೆ ಎಲ್ಲಿ ಸೇರಬೇಕು ಅಂತ ಎಲ್ಲರಿಗೂ ಒಂದು ಕವಾಯತು ಮಾಡಿಸುತ್ತಾರೆ. 2012ರ ಜನವರಿ 13ರಂದು ಇಟಲಿಯ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿದು 32 ಜನ ಸತ್ತರಲ್ಲ, ಅವತ್ತು ಹತ್ತಿದ ಎಷ್ಟೋ ಜನಕ್ಕೆ ಆ ಕವಾಯತು ಇನ್ನೂ ಆಗಿರಲಿಲ್ಲ. ಆಮೇಲೆ ನಿಯಮವನ್ನೇ ಬಿಗಿ ಮಾಡಿದರು. ನಮ್ಮ ಕಾಕಾಗಳು ಆ ಹೊತ್ತಿಗೆ ಚಹಾ ಹುಡುಕಿಕೊಂಡು ಹೋಗುವವರೇ ಅಂತ ನನಗೆ ಖಾತ್ರಿ ಇತ್ತು.

ಇದೆಲ್ಲ ಎಂಜಿನಿಯರ್‌ಗೆ ಸಿಗುವ ಲೆಕ್ಕ. ಸಿಗದ ಲೆಕ್ಕ ಬೇರೆ ಇತ್ತು.

ಮೊದಲನೆಯದು 'ಟ್ವಿನ್ ಶೇರಿಂಗ್'. ಪೋಸ್ಟರಿನಲ್ಲಿ ಇರುವ ರೇಟು ಒಬ್ಬರಿಗೆ ಅಂತ ಬರೆದಿರುತ್ತೆ, ಆದರೆ ಅದು ಒಂದು ಕೋಣೆಯಲ್ಲಿ ಇಬ್ಬರಿದ್ದಾಗ. ಒಬ್ಬರೇ ಇದ್ದರೆ ಹೆಚ್ಚುಕಡಿಮೆ ಇಬ್ಬರ ದುಡ್ಡು ಕೊಡಬೇಕು. ಈ ವ್ಯಾಪಾರ ಗಂಡ ಹೆಂಡತಿ ಜೋಡಿಯಾಗಿ ಹೋಗ್ತಾರೆ ಅಂತ ಲೆಕ್ಕ ಹಾಕಿ ಮಾಡಿದ್ದು. ಗ್ರೂಪಿನಲ್ಲಿದ್ದ 21 ಜನರಲ್ಲಿ ಆರು ಮಂದಿಗೆ ಹೆಂಡತಿ ಇಲ್ಲ, ತೀರಿಕೊಂಡಿದ್ದಾರೆ. 'ಮಿಸೆಸ್ ಹೆಸರು' ಅಂತ ನಾನು ಮಾಡಿ ಕಳಿಸಿದ ಎಕ್ಸೆಲ್ ಶೀಟಿನಲ್ಲಿ ಒಂದು ಕಾಲಂ ಇತ್ತು. ಆ ಆರು ಮಂದಿಯಲ್ಲಿ ಒಬ್ಬರು ಆ ಖಾನೆಯಲ್ಲಿ ಹೆಂಡತಿಯ ಹೆಸರು ಬರೆದು, ಮುಂದೆ ತೀರಿಕೊಂಡ ತಾರೀಖು ಬರೆದು ವಾಪಸ್ ಕಳಿಸಿದ್ದರು. ನಾನು ಆ ಕಾಲಂ ತೆಗೆದುಹಾಕಿದೆ.

ಎರಡನೆಯದು ಮೊಣಕಾಲು ನೋವು.

ನನಗೆ ಸಿಕ್ಕ ರೇಟು ತೆರಿಗೆ ಎಲ್ಲಾ ಸೇರಿ ಒಬ್ಬರಿಗೆ 25 ಸಾವಿರದ ಆಸುಪಾಸು. ಮುಂಬೈ ಬಸ್ಸು, ಊಟ ಬೇರೆ. ರೈಲಿನಲ್ಲಿ ಹೋದರೆ ಹಿರಿಯ ನಾಗರಿಕರ ರಿಯಾಯಿತಿ ಇದೆಯಲ್ಲ ಅಂದರು ಒಬ್ಬರು. ಎಲ್ಲಿದೆ ಕಾಕಾ? ಕೊರೋನಾ ಬಂತು ಅಂತ 2020ರ ಮಾರ್ಚ್‌ನಲ್ಲಿ ನಿಲ್ಲಿಸಿದರು, ಕೊರೋನಾ ಹೋಯಿತು, ರಿಯಾಯಿತಿ ವಾಪಸ್ ಬರಲಿಲ್ಲ. ಮೊತ್ತ ಗ್ರೂಪಿನಲ್ಲಿ ಹಾಕಿದೆ. ಅಲ್ಲಿಯವರೆಗೆ ದಿನಾ ಹಡಗಿನ ವಿಡಿಯೋ, ತಂಬ್ಸ್ ಅಪ್, ಕೈಮುಗಿಯುವ ಚಿತ್ರ ಬರುತ್ತಿದ್ದ ಗ್ರೂಪು ಎರಡು ದಿನ ತಣ್ಣಗಾಯಿತು. ಮೂರನೇ ದಿನದಿಂದ ಒಬ್ಬೊಬ್ಬರದೇ ಮೆಸೇಜು. ಮೊಣಕಾಲು ನೋವು, ಬರೋದಾಗೋದಿಲ್ಲ. ಮೊಣಕಾಲು ಆಪರೇಷನ್ ಹೇಳಿದ್ದಾರೆ. ಮೊಣಕಾಲು, ಮೊಣಕಾಲು. ಹನ್ನೊಂದು ಜನಕ್ಕೆ ಒಂದೇ ವಾರದಲ್ಲಿ ಮೊಣಕಾಲು ನೋವು!

ನಾನು ಪೆದ್ದ. ಗಾಲಿಕುರ್ಚಿ ಸಿಗುತ್ತಾ ಅಂತ ಬುಕಿಂಗ್‌ನವರಿಗೆ ಫೋನ್ ಮಾಡಿದೆ.

ಆಮೇಲೆ ಅಪ್ಪನ ಕ್ಲಾಸಿನ ಫ್ಯಾಕ್ಟರಿ ಕಾಕಾನಿಗೆ ಫೋನ್ ಹಚ್ಚಿದೆ. ಸಕ್ಕರೆ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. "ಕಾಕಾ, ವ್ಹೀಲ್‌ಚೇರ್ ಇರತೈತ್ರಿ ಹಡಗಿನ್ಯಾಗ, ಚಿಂತಿ ಮಾಡಬ್ಯಾಡ್ರಿ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ತಮ್ಮಾ, ನಾ ದಿನಾ ಮುಂಜಾನೆ ತ್ವಾಟಕ್ಕ ಮೂರು ಕಿಲೋಮೀಟರ್ ನಡಕೋತ ಹೋಗತೇನಿ. ಮೊಣಕಾಲ ಗಟ್ಟಿ ಅದಾವು" ಅಂದರು. ಅವರಿಗೆ ಬರುವ ಪಿಂಚಣಿ ತಿಂಗಳಿಗೆ 2,100 ರೂಪಾಯಿ. ಇಪಿಎಸ್ 95 ಅಂತಾರಲ್ಲ, ಅದು. ಕನಿಷ್ಠ 1,000 ಅಂತ 2014ರಲ್ಲಿ ನಿಗದಿ ಮಾಡಿದ್ದು ಇನ್ನೂ ಹಾಗೇ ಇದೆ, ಅದನ್ನು ಏರಿಸಿ ಅಂತ ಮುದುಕರು ಧರಣಿ ಕೂರ್ತಾನೇ ಇದ್ದಾರೆ. 2,100 ಇಂಟು 12. ಆ ಮನುಷ್ಯನ ಒಂದು ವರ್ಷದ ಪಿಂಚಣಿ ಹಡಗಿನ ಎರಡು ರಾತ್ರಿಗೆ ಸರಿಹೋಗುತ್ತೆ.

ಪುಣೆಯ ಹುಡುಗ ಒಳ್ಳೆಯವನೇ. "ನಾವು ನಾಲ್ಕೈದು ಜನ ಮಕ್ಕಳು ಸೇರಿ ಆ ಹನ್ನೊಂದು ಜನರ ಖರ್ಚು ಹಾಕೋಣ, ಅವರಿಗೆ ಗೊತ್ತಾಗದ ಹಾಗೆ" ಅಂದ. ನನಗೂ ಸರಿ ಅನ್ನಿಸಿತು. ಅಪ್ಪನಿಗೆ ಹೇಳಿದೆ. ಅಪ್ಪ ಬೈದರು. ನಮ್ಮಪ್ಪ ನನಗೆ ಬೈದು ಬಹಳ ವರ್ಷ ಆಗಿತ್ತು. "ಅಂವಾ ನನ್ನ ಬಾಜೂ ಬೆಂಚಿನ್ಯಾಗ ಕುಂತಾಂವ. ನನ್ನ ಪೇಪರ್ ನೋಡಿ ಬರದಾನ, ನಾ ಅವನ ಪೇಪರ್ ನೋಡಿ ಬರದೇನಿ. ಈಗ ಅವನ ಟಿಕೆಟ್ ನನ್ನ ಮಗ ತಗಸಬೇಕನ? ಹಡಗಿನ್ಯಾಗ ಅಂವಾ ನನ್ನ ಮಾರಿ ಹೆಂಗ ನೋಡಬೇಕ?"

ಇದನ್ನು ನಾವು, ಅಂದ್ರೆ ಸಂಬಳ ತಗೊಳ್ಳೋ ಮಕ್ಕಳು, ಯೋಚನೆ ಮಾಡೋದೇ ಇಲ್ಲ ಸ್ವಾಮಿ. ಒಂದು ಕ್ಲಾಸು ಅಂದ್ರೆ ಒಂದೇ ಬೆಂಚು, ಒಂದೇ ಬೆತ್ತ. ಐವತ್ತು ವರ್ಷದಲ್ಲಿ ಒಬ್ಬನ ಮಗ ಪುಣೆಗೆ ಹೋದ, ಇನ್ನೊಬ್ಬನ ಮಗ ಊರಲ್ಲೇ ಟ್ರ್ಯಾಕ್ಟರ್ ಕಂತು ಕಟ್ಟುತ್ತಿದ್ದಾನೆ. ಮತ್ತೆ ಸೇರುವಾಗ ಆ ವ್ಯತ್ಯಾಸವನ್ನೇ ಟಿಕೆಟ್ ಮಾಡಿ ಎದೆಗೆ ಅಂಟಿಸಿದರೆ ಅದು ಪುನರ್ಮಿಲನ ಹೇಗಾಗುತ್ತೆ? ಹಡಗು ಹತ್ತಲು ತಯಾರಿದ್ದವರು ಒಂಬತ್ತು ಜನ. ಫೋಟೋದಲ್ಲಿ ಇದ್ದವರು 46. ಆ 46ರಲ್ಲಿ ಏಳು ಹುಡುಗಿಯರು.

ಹೌದು, ಹುಡುಗಿಯರು. ಮೂರನೆಯ ಲೆಕ್ಕ ಅದು. ಗ್ರೂಪಿನಲ್ಲಿ ಒಬ್ಬರೇ ಒಬ್ಬ ಹೆಣ್ಣುಮಗಳು ಇರಲಿಲ್ಲ. ಯಾಕೆ ಅಂತ ಕೇಳಿದೆ. "ಎಲ್ಲೆಲ್ಲಿ ಕೊಟ್ಟಾರೋ ಯಾರಿಗೆ ಗೊತ್ತಪಾ" ಅಂದರು ಅಪ್ಪ. ಹುಡುಕೋದು ಸುಲಭ ಇರಲಿಲ್ಲ, ನಿಜ. ಮದುವೆಯಾದ ಮೇಲೆ ಅಡ್ಡಹೆಸರು ಬದಲಾಗೋದು ಎಲ್ಲಾ ಕಡೆ ಇದೆ. ನಮ್ಮ ಗಡಿ ಭಾಗದಲ್ಲಿ ಕೆಲವು ಮನೆತನಗಳಲ್ಲಿ ಹುಡುಗಿಯ ಸ್ವಂತ ಹೆಸರನ್ನೇ ಬದಲಿಸುವ ಪದ್ಧತಿಯೂ ಇತ್ತು. ಶಾಲೆಯ ರಜಿಸ್ಟರಿನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು. ನಮ್ಮವ್ವ ಈ ಕೆಲಸ ಕೈಗೆತ್ತಿಕೊಂಡಳು. ತವರುಮನೆ, ಬೀಗರಮನೆ, ಬಳೆಗಾರ್ತಿ, ಜಾತ್ರೆ, ಇವು ಆಕೆಯ ಗೂಗಲ್ಲು. ಆರು ವಾರದಲ್ಲಿ ಏಳರಲ್ಲಿ ನಾಲ್ವರನ್ನು ಪತ್ತೆ ಮಾಡಿದಳು. ಒಬ್ಬರು ತೀರಿಕೊಂಡಿದ್ದರು. ಇಬ್ಬರು ಸಿಗಲಿಲ್ಲ.

ಸಿಕ್ಕ ನಾಲ್ವರಿಗೂ ನಾನೇ ಫೋನ್ ಮಾಡಿದೆ. ಸಂಕೇಶ್ವರದ ಕಡೆಯ ಒಬ್ಬರು, ನಾನು ಅವರ ಶಾಲೆಯ ಹೆಸರು ಹಿಡಿದು ಕೇಳಿದಾಗ, "ಆಕಿ ಇಲ್ಲಿ ಯಾರೂ ಇಲ್ಲರಿ" ಅಂದು ಫೋನ್ ಇಟ್ಟುಬಿಟ್ಟರು. ಐದು ನಿಮಿಷ ಆದ ಮೇಲೆ ಅವರೇ ಫೋನ್ ಮಾಡಿದರು. "ಅದು ನಾನ ರೀ. ಆ ಹೆಸರಲೇ ಯಾರೂ ಕರದೇ ಇಲ್ಲ, ಮರತಬಿಟ್ಟಿದ್ದೆ." ಇನ್ನೊಬ್ಬರು ಹೇಳಿದ ಮಾತು ಕೇಳಿ: "ಮಗನ್ನ ಕೇಳಿ ಹೇಳತೇನಿ." ಶಕ್ತಿ ಯೋಜನೆ ಇದೆಯಲ್ಲ ಅಜ್ಜಿ, ಆಧಾರ್ ತೋರಿಸಿದರೆ ಹುಕ್ಕೇರಿವರೆಗೆ ಬಸ್ಸಿಗೆ ಒಂದು ಪೈಸೆ ಬೇಡ ಅಂದೆ. "ಬಸ್ಸು ಪುಕ್ಕಟ ಮಾಡ್ಯಾರ, ಮನಿ ಬಾಗಲಾ ಮಾಡಿಲ್ಲಲ್ಲ" ಅಂದರು. ಈ ಮಾತನ್ನು ನನ್ನ ಸ್ಟುಡಿಯೋದಲ್ಲಿ ಚರ್ಚೆಗೆ ಬಂದ ಯಾವ ತಜ್ಞರೂ ಹೇಳಿರಲಿಲ್ಲ. ಆ ಅಜ್ಜಿಯ ಮಗ ಬೇಡ ಅಂದ. ಅವರು ಬರಲಿಲ್ಲ.

ಇಷ್ಟಾದರೂ ಹಡಗು ಬೇಕೇ ಬೇಕು ಅಂತ ಹಟ ಹಿಡಿದಿದ್ದವರು ಮಾಸ್ತರ ಕಾಕಾ. ಸರಿ, ಒಂಬತ್ತು ಜನರಾದರೂ ಹೋಗಲಿ ಅಂತ ವಿಮೆಯ ಫಾರ್ಮು ತುಂಬಿಸಲು ಕೂತೆ. 'ಈಗಾಗಲೇ ಇರುವ ಕಾಯಿಲೆಗಳು' ಅನ್ನೋ ಕಾಲಂ. ಬಿಪಿ, ಶುಗರ್ ಎಲ್ಲರಿಗೂ ಇದ್ದದ್ದೇ. ಮಾಸ್ತರ ಕಾಕಾ ಆ ಖಾನೆ ಖಾಲಿ ಬಿಟ್ಟಿದ್ದರು. ಫೋನ್ ಮಾಡಿ ಕೇಳಿದೆ. ಮೊದಲು ಏನೂ ಇಲ್ಲ ಅಂದರು. ಕಾಕಾ, ಸುಳ್ಳು ಬರೆದರೆ ಸಮುದ್ರದ ನಡುವೆ ಏನಾದರೂ ಆದಾಗ ಒಂದು ರೂಪಾಯಿಯೂ ಬರೋದಿಲ್ಲ, ಹಡಗಿನ ಡಾಕ್ಟರ್ ಇರ್ತಾರೆ, ಆದರೆ ಅದು ಆಸ್ಪತ್ರೆ ಅಲ್ಲ ಅಂದೆ. ಆಗ ಹೇಳಿದರು. ಒಂದು ವರ್ಷದಿಂದ ಡಯಾಲಿಸಿಸ್. ಸೋಮವಾರ, ಬುಧವಾರ, ಶನಿವಾರ.

ಗುರುವಂದನೆಯ ದಿನ ಪಂಕ್ತಿಯಲ್ಲಿ ಮಜ್ಜಿಗೆ ಹಾಕಿದಾಗ ಅವರು ಲೋಟದ ಮೇಲೆ ಕೈ ಅಡ್ಡ ಹಿಡಿದದ್ದು ನನಗೆ ಆಗ ನೆನಪಾಯಿತು. ಡಯಾಲಿಸಿಸ್‌ನವರಿಗೆ ನೀರು ಅಳತೆ. ದಿನಕ್ಕೆ ಇಷ್ಟೇ ಅಂತ. ಮುಂಬೈ ಹಡಗು ಅಂದ್ರೆ ಹೋಗುವ ರಾತ್ರಿ, ಬರುವ ರಾತ್ರಿ ಸೇರಿ ನಾಲ್ಕು ರಾತ್ರಿ. ಅವರಿಗೆ ಇದ್ದದ್ದು ಎರಡು ದಿನದ ಬಿಡುವು, ಬುಧವಾರದಿಂದ ಶನಿವಾರದ ನಡುವೆ. ಗೊತ್ತಿತ್ತು ಅವರಿಗೆ. ಲೆಕ್ಕ ಗೊತ್ತಿಲ್ಲದ ಮನುಷ್ಯನಲ್ಲ. "ಯಾರ ಮುಂದೂ ಹೇಳಬ್ಯಾಡ ತಮ್ಮಾ. ಪ್ಲಾನ್ ನಡದಷ್ಟ ದಿವಸ ಚಲೋ ಅನಸತೈತಿ" ಅಂದರು.

ಈಗ ನಾನು ಹೇಳುತ್ತಿದ್ದೇನೆ ಅಂದ್ರೆ ಅವರೇ ಹೇಳು ಅಂದಿದ್ದಾರೆ. ಆಗ ಹೇಳುವಂತಿರಲಿಲ್ಲ. ಗುರುವಾರ, ಶುಕ್ರವಾರ. ಈ ಎರಡು ದಿನದಲ್ಲಿ, ಫ್ಯಾಕ್ಟರಿ ಕಾಕಾನ ಪಿಂಚಣಿಯಲ್ಲಿ, ನೀರಿನ ಮೇಲೆ ಎಲ್ಲಿಗೆ ಹೋಗಬಹುದು? ಈ ಗಣಿತವನ್ನು ನಾನು ಒಬ್ಬನೇ ಬಿಡಿಸಬೇಕಿತ್ತು, ಯಾಕೆ ಅಂತ ಯಾರಿಗೂ ಹೇಳದೆ.

ದುಡ್ಡಿನ ದಾರಿ ತೋರಿಸಿದ್ದು ಸಂಕೇಶ್ವರದ ಆ ಅಜ್ಜಿ, ತಮ್ಮ ಹೆಸರು ಮರೆತವರು. "ಭಿಶಿ ಹಚ್ಚರಿ" ಅಂದರು. ಬೆಳಗಾವಿ ಕಡೆಯವರಿಗೆ ಹೇಳಬೇಕಾಗಿಲ್ಲ. ಬೆಂಗಳೂರಿನವರಿಗೆ ಹೇಳ್ತೀನಿ, ಭಿಶಿ ಅಂದ್ರೆ ಪರಿಚಯದವರ ನಡುವಿನ ಚೀಟಿ. ತಿಂಗಳಿಗೆ ಇಷ್ಟು ಅಂತ ಎಲ್ಲರೂ ಸಮ ಸಮ ಹಾಕೋದು. ಇಲ್ಲಿ ಚೀಟಿ ಎತ್ತೋದಿಲ್ಲ, ಎಲ್ಲಾ ಒಂದೇ ಡಬ್ಬಿಗೆ. ತಿಂಗಳಿಗೆ ಎಷ್ಟು? ಅದನ್ನು ಫ್ಯಾಕ್ಟರಿ ಕಾಕಾನೇ ಹೇಳಲಿ ಅಂದರು ಅಪ್ಪ. ಅವರು 500 ಅಂದರು. ಆಗಸ್ಟ್‌ನಿಂದ ಜನವರಿವರೆಗೆ ಆರು ತಿಂಗಳು, ಒಬ್ಬೊಬ್ಬರದು 3,000. ಪುಣೆಯಲ್ಲಿ ಮಗ ಇದ್ದವರದೂ 3,000, ಟ್ರ್ಯಾಕ್ಟರ್ ಕಂತಿನವರದೂ 3,000. ಖಜಾಂಚಿ ಸಂಕೇಶ್ವರದ ಅಜ್ಜಿ. ಒಂದೇ ವಾರದಲ್ಲಿ ಎಲ್ಲರ ಮೊಣಕಾಲು ವಾಸಿಯಾಯಿತು. 24 ಜನ, 72,000 ರೂಪಾಯಿ.

ಅಷ್ಟು ದುಡ್ಡಿಗೆ, ಅಷ್ಟು ದಿನಕ್ಕೆ ಸಿಕ್ಕಿದ್ದು ಪಣಜಿ. ಮಾಂಡವಿ ನದಿಯಲ್ಲಿ ಸಂಜೆ ಹೊರಡುವ ಬೋಟು, ಗೋವಾ ಪ್ರವಾಸೋದ್ಯಮದವರ ಸಾಂತಾ ಮೋನಿಕಾ. ಒಂದು ತಾಸಿನ ವಿಹಾರ. ನದಿಯ ಬಾಯಿಯವರೆಗೆ ಹೋಗಿ ಸಮುದ್ರದ ಕಡೆ ಮುಖ ಮಾಡಿ ವಾಪಸ್ ಬರುತ್ತೆ. ಪುಣೆಯ ಹುಡುಗ "ಇದು ಕ್ರೂಸ್ ಅಲ್ಲ, ಜಾಯ್ ರೈಡ್" ಅಂದ. ಹೌದಪ್ಪ, ಜಾಯ್ ರೈಡ್. ಅವನಿಗೆ ಸ್ವಲ್ಪ ಬೇಜಾರಾಯಿತು, ಯಾಕೆ ಅಂತ ಬಿಡಿಸಿ ಹೇಳಲು ನನಗೂ ಆಗಲಿಲ್ಲ.

ಎಲ್ಲಾ ಗಟ್ಟಿ ಆಯಿತು ಅನ್ನುವಾಗ ಡಿಸೆಂಬರ್ 18 ಬಂತು. ಮುಂಬೈಯಲ್ಲಿ ಎಲಿಫೆಂಟಾಕ್ಕೆ ಹೊರಟಿದ್ದ ನೀಲ್ ಕಮಲ್ ಅನ್ನೋ ಫೆರಿಗೆ ನೌಕಾಪಡೆಯ ಸ್ಪೀಡ್ ಬೋಟು ಬಂದು ಬಡಿಯಿತು. ಆ ವಿಡಿಯೋ ನೀವೂ ನೋಡಿದ್ದೀರಿ, ನಾನೇ ಅವತ್ತು ತೋರಿಸಿದ್ದು. ಹತ್ತಕ್ಕೂ ಹೆಚ್ಚು ಸಾವು. ಮನೆಮನೆಯಿಂದ ಫೋನು. ಮಕ್ಕಳೆಲ್ಲ ಬೇಡ ಅಂದರು. ನಾನು ಅವರಿಗೆ ಸುಳ್ಳು ಸಮಾಧಾನ ಹೇಳಲಿಲ್ಲ. ನಮ್ಮ ಕಾರವಾರದಲ್ಲೇ 2019ರ ಜನವರಿ 21ರಂದು ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಹೋದರು. ತೇಕ್ಕಡಿಯಲ್ಲಿ 2009ರ ಸೆಪ್ಟೆಂಬರ್ 30ರಂದು ಪ್ರವಾಸಿ ಬೋಟು ಮಗುಚಿ 45 ಜನ. ಜನ ಒಂದೇ ಬದಿಗೆ ಓಡಿದರೆ ಬೋಟಿನ ತೂಕ ವಾಲುತ್ತೆ, ಒಂದು ಮಿತಿ ದಾಟಿದ ಮೇಲೆ ಅದು ತಾನಾಗಿ ನೆಟ್ಟಗಾಗೋದಿಲ್ಲ, ಇದು ಮೆಕ್ಯಾನಿಕಲ್ ಎರಡನೇ ವರ್ಷದ ಪಾಠ. ಹಾಗಾಗಿ ಮೂರು ಮಾತು ಕೇಳಿಸಿಕೊಂಡೆ: ಲೈಫ್ ಜಾಕೆಟ್ ಎಲ್ಲಿದೆ ಅಂತ ಹತ್ತಿದ ತಕ್ಷಣ ನೋಡಿಕೊಳ್ಳೋದು, ಡಾಲ್ಫಿನ್ ಬರಲಿ ಸೂರ್ಯ ಮುಳುಗಲಿ 24 ಜನ ಒಂದೇ ಬದಿಗೆ ಸೆಲ್ಫಿಗೆ ಓಡದಿರೋದು, ತುಂಬಿ ತುಳುಕುತ್ತಿದ್ದರೆ ಹತ್ತದೆ ವಾಪಸ್ ಬರೋದು. ಇಬ್ಬರ ಮಕ್ಕಳು ಕೊನೆಗೂ ಒಪ್ಪಲಿಲ್ಲ. ಅವರ ಅಪ್ಪಂದಿರು ಹೇಳದೇ ಬಂದರು, ಅದು ಬೇರೆ ಮಾತು.

2025ರ ಫೆಬ್ರುವರಿ 6, ಗುರುವಾರ. ನಸುಕಿನಲ್ಲಿ ಹುಕ್ಕೇರಿಯಿಂದ ಬಸ್ಸು. ಸಂಕೇಶ್ವರ, ಗಡಹಿಂಗ್ಲಜ, ಆಜರಾ, ಅಂಬೋಲಿ ಘಾಟು ಇಳಿದು ಸಾವಂತವಾಡಿ. ಆ ಕಾಲದಲ್ಲಿ ಬೆಳಗಾವಿಯ ಸಾಮಾನು ಹತ್ತಿ ಬರುತ್ತಿದ್ದ ಘಾಟನ್ನೇ ಇವರು ಇಳಿದರು. ನಾನು ರಜೆ ಹಾಕಿ ಹೋಗಿದ್ದೆ, ಔಷಧಿ ಡಬ್ಬಿಗಳ ಉಸ್ತುವಾರಿಗೆ. ಪ್ರತಿ ನಲವತ್ತು ನಿಮಿಷಕ್ಕೆ ಒಂದು ಸಲ ಬಸ್ಸು ನಿಲ್ಲಿಸಿದೆವು. ವಯಸ್ಸಾದವರನ್ನು ಪ್ರವಾಸಕ್ಕೆ ಕರೆದೊಯ್ಯುವವರಿಗೆ ನನ್ನ ಒಂದೇ ಸಲಹೆ, ದೇವಸ್ಥಾನದ ಪಟ್ಟಿ ಆಮೇಲೆ ಮಾಡಿ, ಮೊದಲು ಶೌಚಾಲಯದ ಪಟ್ಟಿ ಮಾಡಿ. ಮೂವರು ಅಜ್ಜಿಯರು ಮುಂದಿನ ಸೀಟಿನಲ್ಲಿ. ಘಾಟು ಇಳಿಯುವವರೆಗೆ ಗಂಡಸರು ಅವರನ್ನು "ಅಕ್ಕಾರ", "ಬಾಯಾರ" ಅಂತ ಕರೆದರು. ಸಾವಂತವಾಡಿಯಲ್ಲಿ ಚಹಾ ಕುಡಿದ ಮೇಲೆ ಶಾಲೆಯ ಹೆಸರುಗಳು ಬಾಯಿಗೆ ಬಂದವು.

ಸಂಜೆ ಬೋಟು ಹತ್ತಿದಾಗ ನಾನು ಅಪ್ಪನಿಗೆ ಹೇಳಿದೆ, ಈ ಮಾಂಡವಿ ಅಂದ್ರೆ ನಮ್ಮ ಮಹದಾಯಿನೇ. ನಮ್ಮದೇ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ ಹುಟ್ಟಿ ಬಂದ ನೀರು. ಯಾವ ನೀರಿಗಾಗಿ ನರಗುಂದ, ನವಲಗುಂದದ ರೈತರು ವರ್ಷಗಟ್ಟಲೆ ಧರಣಿ ಕೂತರೋ, ಯಾವ ನೀರಿನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಅಂತ ನ್ಯಾಯಮಂಡಳಿ 2018ರ ಆಗಸ್ಟ್ 14ಕ್ಕೆ ತೀರ್ಪು ಕೊಟ್ಟಿತೋ, ಅದು. ನಾನು ಸ್ಟುಡಿಯೋದಲ್ಲಿ ಮಹದಾಯಿ ಮಹದಾಯಿ ಅಂತ ಎಷ್ಟು ಸಲ ಕೂಗಿದ್ದೇನೆ, ಆ ನೀರನ್ನು ಕೈಯಿಂದ ಮುಟ್ಟಿದ್ದು ಅವತ್ತೇ ಮೊದಲು.

ಬೋಟಿನಲ್ಲಿ ಹಾಡು, ಗೋವಾದ ಜಾನಪದ ಕುಣಿತ. ಯಾರೋ ಕೋಕಂ ಸರಬತ್ತು ತಂದು ಎಲ್ಲರಿಗೂ ಹಂಚಿದರು. ಮಾಸ್ತರ ಕಾಕಾ ಲೋಟದ ಮೇಲೆ ಕೈ ಇಟ್ಟರು. ಫ್ಯಾಕ್ಟರಿ ಕಾಕಾ ಬಿಡಲಿಲ್ಲ. "ಏ, ಕುಡಿಯೋ, ನಮ್ಮ ಭಿಶಿ ರೊಕ್ಕದ್ದು, ನಿಮ್ಮಪ್ಪನ ಮನಿದಲ್ಲ." ಎರಡು ಸಲ, ಮೂರು ಸಲ ಒತ್ತಾಯ. ಕೊನೆಗೆ ಮಾಸ್ತರ ಕಾಕಾ ಹೇಳಿಬಿಟ್ಟರು. ಅಷ್ಟು ಗದ್ದಲದಲ್ಲಿ ನಮ್ಮ ಸಾಲಿನಲ್ಲಿ ಮಾತ್ರ ಮಾತು ನಿಂತಿತು.

"ಮೊದಲ ಹೇಳಬಾರದನೋ?" ಅಂದರು ಫ್ಯಾಕ್ಟರಿ ಕಾಕಾ.

"ನೀ ಹೇಳಿದ್ಯಾ, ನಿನ್ನ ಮೊಣಕಾಲ ಯಾಕ ನೋಯತಿತ್ತು ಅಂತ?"

ಫ್ಯಾಕ್ಟರಿ ಕಾಕಾ ಆ ಲೋಟ ತಗೊಂಡು ಅರ್ಧ ತಾವು ಕುಡಿದು, ಒಂದು ಗುಟುಕಿನಷ್ಟು ಉಳಿಸಿ ಕೊಟ್ಟರು. ಅಷ್ಟನ್ನು ಮಾಸ್ತರ ಕಾಕಾ ಕುಡಿದರು. ಬೋಟು ನದಿಯ ಬಾಯಿ ಮುಟ್ಟಿ ತಿರುಗುವಾಗ ಎದ್ದು ನಿಂತು ಪಶ್ಚಿಮಕ್ಕೆ ಕೈ ಮಾಡಿ ತೋರಿಸಿದರು, ಇದ ನೋಡ್ರಿ ಅರಬ್ಬಿ ಸಮುದ್ರ, ಹಿಂಗ ಸೀದಾ ಹೋದರ ಯೆಮೆನ್ ಅಂತ. 23 ಜನ ಹುಡುಗರಂತೆ ನೋಡಿದರು. ಆದರೆ ಯಾರೂ ಒಂದೇ ಬದಿಗೆ ಓಡಲಿಲ್ಲ, ಅಷ್ಟರ ಮಟ್ಟಿಗೆ ನನ್ನ ಪಾಠ ಕೇಳಿದ್ದರು.

ಶುಕ್ರವಾರ ರಾತ್ರಿ ಹನ್ನೊಂದಕ್ಕೆ ಹುಕ್ಕೇರಿ. ಶನಿವಾರ ಬೆಳಿಗ್ಗೆ ಮಾಸ್ತರ ಕಾಕಾ ತಮ್ಮ ಕುರ್ಚಿಗೆ ಹೋಗಿ ಕೂತರು. ಈಗ ಸರದಿ ಹಾಕಿಕೊಂಡು ಒಬ್ಬೊಬ್ಬರು ಜೊತೆಗೆ ಹೋಗುತ್ತಾರೆ, ನಾಲ್ಕು ತಾಸು ಮಾತಾಡುತ್ತಾ ಕೂರೋದಕ್ಕೆ.

ಡಬ್ಬಿಯಲ್ಲಿ 1,400 ರೂಪಾಯಿ ಉಳಿದಿತ್ತು. ಸಂಕೇಶ್ವರದ ಖಜಾಂಚಿ ಅಜ್ಜಿ ಅದನ್ನು ಹಂಚಲು ಒಪ್ಪಲಿಲ್ಲ. ಭಿಶಿ ಮುಂದುವರಿದಿದೆ, ತಿಂಗಳಿಗೆ ಅದೇ 500. ಮುಂದಿನ ಸಲ ಎಲ್ಲಿಗೆ ಅಂತ ಇನ್ನೂ ತೀರ್ಮಾನ ಆಗಿಲ್ಲ, ಅದಕ್ಕೆ ಮೊದಲು ಒಂದು ಕೆಲಸ ಬಾಕಿ ಇದೆ ಅಂತ ಅವರ ವಾದ. ಫೋಟೋದಲ್ಲಿರುವ ಏಳು ಹುಡುಗಿಯರಲ್ಲಿ ಇಬ್ಬರು ಇನ್ನೂ ಸಿಕ್ಕಿಲ್ಲ. ನೀನು ಟಿವಿಯಲ್ಲಿ ಇದ್ದೀಯಲ್ಲ, ಕೇಳು ಅಂದರು ನನಗೆ. ಹೆಸರು ಹೇಳಬೇಡ, ಅವರ ಮನೆಯಲ್ಲಿ ಏನು ಪರಿಸ್ಥಿತಿಯೋ ಏನೋ ಅಂತಲೂ ಹೇಳಿದರು. ಅದಕ್ಕೆ ಹೆಸರು ಹೇಳುತ್ತಿಲ್ಲ. ನಿಮ್ಮ ಮನೆಯಲ್ಲಿ ಅರವತ್ತೇಳು, ಅರವತ್ತೆಂಟರ ಅವ್ವನೋ ಅಜ್ಜಿಯೋ ಇದ್ದರೆ, ಹುಕ್ಕೇರಿ ಕಡೆಯವರಾಗಿದ್ದರೆ, 1974ರ ಮಾರ್ಚ್‌ನಲ್ಲಿ ಎಸ್ಸೆಸ್ಸೆಲ್ಸಿ ಬರೆದಿದ್ದರಾ ಅಂತ ಕೇಳಿ. ಶಾಲೆಯಲ್ಲಿ ಬೇರೆ ಹೆಸರಿತ್ತಾ ಅಂತಲೂ ಕೇಳಿ. ಇತ್ತು ಅಂದರೆ ನಮ್ಮ ವಾಹಿನಿಗೆ ಒಂದು ಫೋನ್ ಮಾಡಿ.